ಎಲ್ಲವೂ ಅಳಿಯುತ್ತದೆ, ಆದ್ದರಿಂದ...

ಲೋಕದಲ್ಲಿ ಎಲ್ಲರೂ ಒಪ್ಪುವ ಮಾತುಗಳು ಬಹಳ ಕಡಿಮೆ. ಆದರೂ ಒಂದು ಮಾತನ್ನು ಆಸ್ತಿಕನೂ ಒಪ್ಪುತ್ತಾನೆ, ನಾಸ್ತಿಕನೂ ಒಪ್ಪುತ್ತಾನೆ. ಅರಸನೂ ಒಪ್ಪಬೇಕು, ಆಳೂ ಒಪ್ಪಬೇಕು. ಕಣ್ಣಿಗೆ ಕಾಣುವುದೆಲ್ಲವೂ ಒಂದಲ್ಲ ಒಂದು ದಿನ ಅಳಿದುಹೋಗುತ್ತದೆ ಎಂಬುದೇ ಆ ಮಾತು. ಇದನ್ನು ತಿಳಿಯಲು ದೊಡ್ಡ ಗ್ರಂಥಗಳನ್ನು ಓದಬೇಕಾಗಿಲ್ಲ. ಮನೆಯ ಗೋಡೆಯ ಮೇಲಿರುವ ಹಳೆಯ ಮದುವೆಯ ಛಾಯಾಚಿತ್ರವನ್ನೂ ಅದರ ಪಕ್ಕದ ಕನ್ನಡಿಯನ್ನೂ ಒಮ್ಮೆ ನೋಡಿದರೆ ಸಾಕು. ಕಷ್ಟವಿರುವುದು ಆ ಮಾತಿನ ಮುಂದಿನ ಪದದಲ್ಲಿ. ‘ಎಲ್ಲವೂ ಅಳಿಯುತ್ತದೆ, ಆದ್ದರಿಂದ...’ ಎಂದು ಆರಂಭಿಸಿ ಆ ವಾಕ್ಯವನ್ನು ನಾವು ಹೇಗೆ ಪೂರ್ಣಗೊಳಿಸುತ್ತೇವೆ? ನಮ್ಮ ಬದುಕಿನ ದಿಕ್ಕು ಬಹುಮಟ್ಟಿಗೆ ಆ ‘ಆದ್ದರಿಂದ’ದ ನಂತರ ಬರುವ ಮಾತಿನಿಂದ ನಿರ್ಧಾರವಾಗುತ್ತದೆ.

ನವೆಂಬರ್ ತಿಂಗಳಲ್ಲಿ ಧರ್ಮಸಭೆ ಅಗಲಿದವರನ್ನು ವಿಶೇಷವಾಗಿ ಸ್ಮರಿಸುತ್ತದೆ. ಈ ತಿಂಗಳ ಚಿಂತನೆಗಾಗಿ ನಾನು ಆರಿಸಿಕೊಂಡಿರುವುದು ಯುರೋಪಿನ ಕವಿಗಳು ಸುಮಾರು ಎಂಟು ಶತಮಾನಗಳಿಂದ ಬರೆದುಕೊಂಡು ಬಂದಿರುವ ಒಂದು ಪುಟ್ಟ ಕಾವ್ಯಪ್ರಕಾರವನ್ನು. ಇದು ಸಾಹಿತ್ಯದ ಪಾಠವೆಂದು ಭಾವಿಸಿ ಪುಟ ತಿರುಗಿಸಬೇಡಿರೆಂದು ವಿನಂತಿ. ಆ ಕವಿಗಳು ಕೇಳಿಕೊಂಡ ಪ್ರಶ್ನೆ ನಿಮ್ಮ ಮನೆಯದೂ ಹೌದು, ನನ್ನದೂ ಹೌದು.

ಇಂಗ್ಲಿಷಿನಲ್ಲಿ ‘ಸಾನೆಟ್’ ಎಂದು ಕರೆಯುವ ಈ ಪ್ರಕಾರಕ್ಕೆ ಕನ್ನಡದಲ್ಲಿ ‘ಸುನೀತ’ ಎಂಬ ಚೆಲುವಾದ ಹೆಸರಿದೆ. ಮಾಸ್ತಿ, ಕುವೆಂಪು ಮೊದಲಾದ ಹಿರಿಯರು ಇದನ್ನು ನಮ್ಮ ಭಾಷೆಯಲ್ಲಿ ಬೆಳೆಸಿದರು. ಇದು ಹುಟ್ಟಿದ್ದು 13ನೆಯ ಶತಮಾನದ ಪೂರ್ವಾರ್ಧದಲ್ಲಿ, ಸಿಸಿಲಿ ದ್ವೀಪದಲ್ಲಿ, ಚಕ್ರವರ್ತಿ ಎರಡನೆಯ ಫ್ರೆಡರಿಕನ ಆಸ್ಥಾನದಲ್ಲಿ. ಇದರ ಜನಕನೆಂದು ವಿದ್ವಾಂಸರು ಹೆಸರಿಸುವ ಜಾಕೊಮೊ ದ ಲೆಂತೀನಿ ವೃತ್ತಿಯಿಂದ ನೋಟರಿಯಾಗಿದ್ದವನು, ದಸ್ತಾವೇಜುಗಳನ್ನು ಬರೆಯುತ್ತಿದ್ದವನು. ಹೇಳಬೇಕಾದುದನ್ನು ನಿಗದಿಯಾದ ಸ್ಥಳದೊಳಗೆ ಹೇಳಿ ಮುಗಿಸುವ ಶಿಸ್ತು ಸುನೀತಕ್ಕೆ ಹುಟ್ಟಿನಿಂದಲೇ ಬಂದಿದೆ ಎನ್ನಬಹುದು. ಅದಕ್ಕಿರುವುದು ಹದಿನಾಲ್ಕೇ ಸಾಲುಗಳು. ಇಟಲಿಯ ಕ್ರಮದಲ್ಲಿ ಮೊದಲ ಎಂಟು ಸಾಲುಗಳ ‘ಅಷ್ಟಕ’, ಅನಂತರ ಆರು ಸಾಲುಗಳ ‘ಷಟ್ಕ’. ಇವೆರಡರ ನಡುವೆ ಆಲೋಚನೆ ಒಮ್ಮೆ ಹೊರಳುತ್ತದೆ. ಇಟಲಿಯವರು ಅದನ್ನು ‘ವೋಲ್ತಾ’ ಎನ್ನುತ್ತಾರೆ, ಎಂದರೆ ತಿರುವು. ಇಂಗ್ಲಿಷ್ ಕ್ರಮದಲ್ಲಿ ನಾಲ್ಕು ನಾಲ್ಕು ಸಾಲುಗಳ ಮೂರು ಖಂಡಗಳೂ ಕೊನೆಗೊಂದು ದ್ವಿಪದಿಯೂ ಇರುತ್ತವೆ. ಅಲ್ಲಿ ತಿರುವು ಎಷ್ಟೋ ಸಲ ಕೊನೆಯ ಎರಡು ಸಾಲುಗಳವರೆಗೆ ಕಾದಿರುತ್ತದೆ.

ಗುರುಮಠದಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ವೃದ್ಧ ಗುರುಗಳೊಬ್ಬರು ಪ್ರತಿ ಶನಿವಾರ ಒಂದು ಸುನೀತವನ್ನು ಬಾಯಿಪಾಠ ಮಾಡಿ ಒಪ್ಪಿಸುವಂತೆ ವಿಧಿಸಿದ್ದರು. ನಮಗಾಗ ಇಪ್ಪತ್ತರ ಆಸುಪಾಸಿನ ವಯಸ್ಸು. ಏಳುವುದಕ್ಕೆ ಗಂಟೆ, ಪ್ರಾರ್ಥನೆಗೆ ಗಂಟೆ, ಓದಿಗೆ ಗಂಟೆ, ಊಟಕ್ಕೆ ಗಂಟೆ, ಮೌನಕ್ಕೂ ಗಂಟೆ. ಹೀಗೆ ಗಂಟೆಯ ನಾದದಲ್ಲೇ ದಿನಗಳು ಸರಿಯುತ್ತಿದ್ದವು. ಷೇಕ್ಸ್‌ಪಿಯರನ ಸುನೀತಗಳಲ್ಲಿ ಗಡಿಯಾರದ ಬಡಿತವನ್ನು ಎಣಿಸುವ ಕವಿತೆಗೆ 12 ಎಂಬ ಸಂಖ್ಯೆಯೂ, ನಿಮಿಷಗಳ ಓಟವನ್ನು ಸಮುದ್ರದ ಅಲೆಗಳಿಗೆ ಹೋಲಿಸುವ ಕವಿತೆಗೆ 60 ಎಂಬ ಸಂಖ್ಯೆಯೂ ಬಂದಿರುವುದನ್ನು ಗುರುಗಳು ತೋರಿಸಿದಾಗ ನಮಗೆ ಎಲ್ಲಿಲ್ಲದ ಬೆರಗು. ಆದರೆ ಅವರು ಅಷ್ಟಕ್ಕೇ ನಮ್ಮನ್ನು ಬಿಡುತ್ತಿರಲಿಲ್ಲ. ‘ಎಂಟನೆಯ ಸಾಲಿನಲ್ಲಿ ನಿಂತುಬಿಡಬೇಡಿ, ಕವಿ ಎಲ್ಲಿ ತಿರುಗುತ್ತಾನೆ ನೋಡಿ’ ಎನ್ನುತ್ತಿದ್ದರು. ಅವರು ಬಳಸುತ್ತಿದ್ದ ಪುಸ್ತಕ ಅವರ ನಿಧನಾನಂತರ ನನ್ನ ಪಾಲಿಗೆ ಬಂದಿತು. ಪುಟಗಳ ಅಂಚಿನಲ್ಲಿ ಅವರು ತಿರುವುಗಳಿಗೆ ಹಾಕಿದ್ದ ಪೆನ್ಸಿಲಿನ ಗುರುತುಗಳು ಈಗ ಮಾಸುತ್ತಿವೆ. ಈ ಬರಹದ ಉದ್ದಕ್ಕೂ ನಾನು ಮಾಡಹೊರಟಿರುವುದು ಅವರು ಕಲಿಸಿದ್ದನ್ನೇ. ಅಳಿವಿನ ವಿಚಾರದಲ್ಲಿ ಕವಿಗಳೆಲ್ಲರ ಪೂರ್ವಾರ್ಧ ಹೆಚ್ಚುಕಡಿಮೆ ಒಂದೇ. ಅವರವರ ತಿರುವು ಮಾತ್ರ ಬೇರೆ ಬೇರೆ.

ಮೊದಲು ಫ್ರಾನ್ಸಿನ ಕವಿ ರೋನ್ಸಾರನನ್ನು ನೋಡೋಣ. 1578ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಆತ ರಾಣಿವಾಸದ ಹೆಲೆನ್ ಎಂಬ ತರುಣಿಯನ್ನು ಕುರಿತು ಬರೆದ ಸುನೀತಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದ ಒಂದರಲ್ಲಿ ಆಕೆ ಮುದುಕಿಯಾಗಿ ದೀಪದ ಬೆಳಕಿನಲ್ಲಿ ನೂಲು ತೆಗೆಯುತ್ತಾ ಕುಳಿತಿರುವ ಚಿತ್ರವನ್ನು ಕಲ್ಪಿಸುತ್ತಾನೆ. ಅಷ್ಟು ಹೊತ್ತಿಗೆ ಕವಿ ಮಣ್ಣು ಸೇರಿರುತ್ತಾನೆ. ಆಕೆ ತಾನು ನಿರಾಕರಿಸಿದ ಪ್ರೀತಿಯನ್ನು ನೆನೆದು ಹಳಹಳಿಸುತ್ತಾಳೆ. ಆದ್ದರಿಂದ ನಾಳೆಯನ್ನು ನಂಬಿ ಕೂರಬೇಡ, ಇಂದೇ ನನ್ನನ್ನು ಒಪ್ಪಿಕೊ ಎಂಬುದು ಅವನ ವಾದದ ಸಾರ.

ಧರ್ಮಪೀಠದಿಂದ ಮಾತನಾಡುವವರಿಗೆ ಇಂತಹ ‘ಆದ್ದರಿಂದ’ವನ್ನು ತಳ್ಳಿಹಾಕುವುದು ಸುಲಭ. ಆದರೂ ಅದರಲ್ಲಿ ಸತ್ಯದ ಒಂದು ಅಂಶವಿದೆ. ನಾಳೆ ಕ್ಷಮೆ ಕೇಳಿದರಾಯಿತು, ಬರುವ ವರ್ಷ ತಾಯಿಯನ್ನು ನೋಡಿಕೊಂಡು ಬಂದರಾಯಿತು ಎಂದು ಮುಂದೂಡುತ್ತಾ ಬಂದವರು ಬರಿಗೈಯಲ್ಲಿ ಸಮಾಧಿಯ ಮುಂದೆ ನಿಂತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇಂದಿನ ದಿನಕ್ಕೆ ಬೆಲೆಯಿದೆ ಎಂದು ರೋನ್ಸಾರ್ ಹೇಳುವುದು ಸರಿಯೇ. ಅವನ ಕೊರತೆಯಿರುವುದು ಬೇರೆಡೆ. ಆ ಹೆಣ್ಣುಮಗಳ ಮುಪ್ಪನ್ನು ಅವನು ಅವಳನ್ನು ಹೆದರಿಸಲು ಬಳಸುತ್ತಾನೆ. ಕಾಲದ ಭಯವನ್ನು ತೋರಿಸಿ ತನಗೆ ಬೇಕಾದುದನ್ನು ಪಡೆಯಲು ಹೊರಟವನ ಪ್ರೀತಿ ಆ ಭಯದಷ್ಟೇ ಬಾಳಿಕೆ ಬರುತ್ತದೆ.

ಎರಡನೆಯ ‘ಆದ್ದರಿಂದ’ ಇಂಗ್ಲೆಂಡಿನದು. ಎಡ್ಮಂಡ್ ಸ್ಪೆನ್ಸರ್ 1594ರಲ್ಲಿ ಎಲಿಜಬೆತ್ ಬಾಯ್ಲ್ ಎಂಬಾಕೆಯನ್ನು ವಿವಾಹವಾದನು. ಮರುವರ್ಷ, 1595ರಲ್ಲಿ, ಆ ಪ್ರಣಯದ ಸುನೀತಗಳು ಅಚ್ಚಾದವು. ಅವುಗಳಲ್ಲಿ 75ನೆಯದು ಒಂದು ಕಡಲತೀರದ ಕಥೆ. ಕವಿ ಮರಳಿನ ಮೇಲೆ ಪ್ರಿಯೆಯ ಹೆಸರನ್ನು ಬರೆಯುತ್ತಾನೆ. ಅಲೆ ಬಂದು ಅಳಿಸುತ್ತದೆ. ಮತ್ತೆ ಬರೆಯುತ್ತಾನೆ, ಮತ್ತೆ ಅಲೆ. ನಶ್ವರವಾದುದನ್ನು ಉಳಿಸಲು ಹೆಣಗುವುದು ವ್ಯರ್ಥವೆಂದು ಆಕೆಯೇ ಅವನಿಗೆ ಬುದ್ಧಿ ಹೇಳುತ್ತಾಳೆ. ಅವನು ಒಪ್ಪುವುದಿಲ್ಲ, ತನ್ನ ಕಾವ್ಯ ಅವಳನ್ನು ಅಮರಗೊಳಿಸುತ್ತದೆ ಎಂದು ಮಾತು ಕೊಡುತ್ತಾನೆ. 1609ರಲ್ಲಿ ಪ್ರಕಟವಾದ ಷೇಕ್ಸ್‌ಪಿಯರನ 154 ಸುನೀತಗಳಲ್ಲಿ ಹಲವು ಇದೇ ಆಣೆಯನ್ನು ಇಡುತ್ತವೆ. ಬೇಸಿಗೆಯ ದಿನಕ್ಕೆ ಗೆಳೆಯನನ್ನು ಹೋಲಿಸಲು ಹೊರಟು, ಆ ಹೋಲಿಕೆ ಸಾಲದೆಂದು ಕೈಬಿಡುವ 18ನೆಯ ಸುನೀತವನ್ನು ನಿಮ್ಮಲ್ಲಿ ಹಲವರು ಕಾಲೇಜಿನಲ್ಲಿ ಓದಿರಬಹುದು. ಎಲ್ಲವೂ ಅಳಿಯುತ್ತದೆ, ಆದ್ದರಿಂದ ನಿನ್ನನ್ನು ನನ್ನ ಸಾಲುಗಳಲ್ಲಿ ಉಳಿಸುತ್ತೇನೆ ಎಂಬುದು ಇಲ್ಲಿನ ಪ್ರತಿಜ್ಞೆ.

ಈ ಪ್ರತಿಜ್ಞೆ ನೆರವೇರಿತೇ? ಇಲ್ಲೊಂದು ವಿಚಿತ್ರವಿದೆ. ಕವಿತೆಗಳೇನೋ ನಾಲ್ಕು ಶತಮಾನಗಳನ್ನು ದಾಟಿ ಬಂದಿವೆ. ಆದರೆ ಸ್ಪೆನ್ಸರನ ಆ ಸುನೀತ ಮರಳಿನ ಮೇಲೆ ಬರೆದ ಹೆಸರು ಯಾವುದೆಂದು ಹೇಳುವುದೇ ಇಲ್ಲ. ಷೇಕ್ಸ್‌ಪಿಯರ್ ಅಮರತ್ವವನ್ನು ವಾಗ್ದಾನ ಮಾಡಿದ ಆ ಸುಂದರ ತರುಣ ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ವಿದ್ವಾಂಸರು ಹೆಸರುಗಳನ್ನು ಸೂಚಿಸುತ್ತಾ ವಾದಿಸುತ್ತಾ ಬಂದಿದ್ದಾರೆ. 1609ರ ಆ ಮೊದಲ ಮುದ್ರಣದ ಪ್ರತಿಗಳಲ್ಲಿ ಇಂದು ಉಳಿದಿರುವುದು ಹದಿಮೂರೇ. ಹೀಗೆ ಕಾಗದವೂ ಹೋಯಿತು, ಹೆಸರೂ ಹೋಯಿತು. ಉಳಿದದ್ದು ಒಬ್ಬನು ಇನ್ನೊಬ್ಬನನ್ನು ಎಷ್ಟು ಗಮನವಿಟ್ಟು ನೋಡಿದನೆಂಬ ಸಾಕ್ಷ್ಯ. ನಮ್ಮ ಹಳೆಯ ಸಮಾಧಿ ಭೂಮಿಗಳಲ್ಲಿಯೂ ಇದನ್ನು ಕಾಣಬಹುದು. ನವೆಂಬರ್ 2ರಂದು ಸಮಾಧಿಗಳನ್ನು ಆಶೀರ್ವದಿಸುತ್ತಾ ಹೋಗುವಾಗ ಅಕ್ಷರಗಳು ಪೂರ್ತಿ ಸವೆದುಹೋದ ಕಲ್ಲುಗಳು ಎದುರಾಗುತ್ತವೆ. ಕೆಲವದರ ಮೇಲೆ ಯಾರೋ ಬಂದು ಹುಲ್ಲು ಕಿತ್ತು, ಸುಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ, ಮೊಂಬತ್ತಿ ಹಚ್ಚಿ ಹೋಗಿರುತ್ತಾರೆ. ಒಳಗೆ ಮಲಗಿರುವವರ ಹೆಸರನ್ನು ಆ ಕಲ್ಲು ಹೇಳಲಾರದು. ಅವರನ್ನು ತಮ್ಮವರೆಂದುಕೊಂಡವರು ಈಗಲೂ ಇದ್ದಾರೆಂಬುದನ್ನು ಮಾತ್ರ ಆ ಹಾರ ಹೇಳುತ್ತದೆ.

ಪ್ರೀತಿಯ ಹೆಸರೇ ಉಳಿಯದಿದ್ದರೆ ಅಧಿಕಾರದ ಹೆಸರು ಉಳಿದೀತೇ? ಇಂಗ್ಲಿಷ್ ಕವಿ ಷೆಲ್ಲಿ 1818ರ ಜನವರಿಯಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ‘ಓಝಿಮ್ಯಾಂಡಿಯಸ್’ ಎಂಬ ಸುನೀತಕ್ಕೆ ಇದೇ ವಸ್ತು. ಓಝಿಮ್ಯಾಂಡಿಯಸ್ ಎಂಬುದು ಅರುವತ್ತಾರು ವರ್ಷ ಈಜಿಪ್ಟನ್ನು ಆಳಿದ ಫರೋಹ ಎರಡನೆಯ ರಾಮ್ಸೆಸನಿಗೆ ಗ್ರೀಕರು ಬಳಸುತ್ತಿದ್ದ ಹೆಸರು. ಮರುಭೂಮಿಯಲ್ಲಿ ಮುರಿದುಬಿದ್ದ ಅವನ ಪ್ರತಿಮೆ, ಪೀಠದ ಮೇಲೆ ಅವನ ಹೆಮ್ಮೆಯ ನುಡಿ, ಸುತ್ತಲೂ ಕಣ್ಣು ಹಾಯುವವರೆಗೆ ಬರಿಯ ಮರಳು. ಷೆಲ್ಲಿ ಇಲ್ಲಿ ಯಾವ ಉಪದೇಶವನ್ನೂ ಮಾಡುವುದಿಲ್ಲ. ಮರಳನ್ನು ತೋರಿಸಿ ಸುಮ್ಮನಾಗುತ್ತಾನೆ. ದಬ್ಬಾಳಿಕೆಯಡಿ ನರಳುವವರಿಗೆ ಅಳಿವು ಒಂದು ಸಮಾಧಾನವೂ ಹೌದು. ಸಿಂಹಾಸನಗಳು ಶಾಶ್ವತವಲ್ಲ ಎಂಬ ಅರಿವು ಬಡವನ ಎದೆಗೆ ಬಲ ಕೊಡುತ್ತದೆ. ಅಳಿವನ್ನು ಕೇವಲ ಶೋಕದ ವಿಷಯವೆಂದು ತಿಳಿದಿದ್ದ ನನಗೆ ಆ ಇನ್ನೊಂದು ಮುಖವನ್ನು ತೋರಿಸಿದ್ದು ಈ ಕವಿತೆ.

ಇನ್ನು ದೇವರ ಕಡೆಗೆ ಹೊರಳುವ ಕವಿಗಳು. ಇವರಲ್ಲಿ ಮೊದಲಿಗನು ಪೆಟ್ರಾರ್ಕ್. 1304ರಿಂದ 1374ರವರೆಗೆ ಬದುಕಿದ್ದ ಈತ ಧರ್ಮಸಭೆಯ ಕಿರಿಯ ದೀಕ್ಷೆಗಳನ್ನು ಪಡೆದಿದ್ದವನು. 1327ರ ಏಪ್ರಿಲ್ 6ರಂದು ಅವಿನ್ಯೋನ್ ನಗರದ ಸಂತ ಕ್ಲಾರಳ ದೇವಾಲಯದಲ್ಲಿ ಲಾರಾ ಎಂಬಾಕೆಯನ್ನು ಮೊದಲ ಬಾರಿಗೆ ಕಂಡನಂತೆ. ಅದು ಶುಭ ಶುಕ್ರವಾರವಾಗಿತ್ತೆಂದು ಕವಿತೆಯಲ್ಲಿ ಸೂಚಿಸುತ್ತಾನೆ. ವಾಸ್ತವವಾಗಿ ಆ ವರ್ಷದ ಶುಭ ಶುಕ್ರವಾರ ಏಪ್ರಿಲ್ 10ರಂದು ಬಂದಿತ್ತು. ಕ್ರಿಸ್ತನ ಯಾತನೆಯ ದಿನದಂದೇ ತನ್ನ ಯಾತನೆಯೂ ಆರಂಭವಾಯಿತೆಂದು ಹೇಳಲು ಕವಿಯ ಮನಸ್ಸು ಪಂಚಾಂಗವನ್ನು ಕೊಂಚ ಸರಿಸಿಕೊಂಡಿತು. ಇಪ್ಪತ್ತೊಂದು ವರ್ಷಗಳ ಬಳಿಕ, 1348ರ ಏಪ್ರಿಲ್ 6ರಂದೇ, ಯುರೋಪನ್ನು ಪ್ಲೇಗು ಕೊಚ್ಚಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಲಾರಾ ತೀರಿಕೊಂಡಳು. ಪೆಟ್ರಾರ್ಕ್ ಆಗ ದೂರದ ವೆರೋನಾದಲ್ಲಿದ್ದನು. ಸುದ್ದಿ ತಲುಪಿದಾಗ ಅವನು ಅದನ್ನು ಬರೆದಿಟ್ಟುಕೊಂಡದ್ದು ತಾನು ದಿನವೂ ಓದುತ್ತಿದ್ದ ವರ್ಜಿಲ್ ಕವಿಯ ಹಸ್ತಪ್ರತಿಯ ಒಂದು ಹಾಳೆಯಲ್ಲಿ, ಪದೇ ಪದೇ ಕಣ್ಣಿಗೆ ಬೀಳಲೆಂದು. ಆ ಹಸ್ತಪ್ರತಿ ಇಂದು ಮಿಲಾನಿನ ಆಂಬ್ರೋಸಿಯನ್ ಗ್ರಂಥಾಲಯದಲ್ಲಿದೆ.

ಅವನ ಮಹಾಸಂಕಲನದಲ್ಲಿ 366 ಕವಿತೆಗಳಿವೆ, ಅವುಗಳಲ್ಲಿ 317 ಸುನೀತಗಳು. ದಶಕಗಳ ಕಾಲ ಅವನು ಅವುಗಳನ್ನು ತಿದ್ದುತ್ತಾ ಜೋಡಿಸುತ್ತಾ ಹೋದನು. ಮೊದಲ ಸುನೀತದಲ್ಲಿಯೇ ತನ್ನ ಯೌವನದ ಹಂಬಲವೆಲ್ಲ ಒಂದು ಕ್ಷಣಿಕ ಕನಸೆಂದು ನಾಚಿಕೆಪಟ್ಟುಕೊಳ್ಳುತ್ತಾನೆ. ಕೊನೆಯ ಕವಿತೆ ಮಾತೆ ಮರಿಯಳಿಗೆ ಸಲ್ಲಿಸಿದ ದೀರ್ಘ ಪ್ರಾರ್ಥನೆ. ಎಲ್ಲವೂ ಅಳಿಯುತ್ತದೆ, ಆದ್ದರಿಂದ ಅಳಿಯದವನಲ್ಲಿ ಮನಸ್ಸಿಡು ಎಂಬುದು ಅವನ ತೀರ್ಮಾನ. ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಲಾರಾ ವ್ಯರ್ಥ ಕನಸೇ ಆಗಿದ್ದರೆ ಅವಳ ಮೇಲಿನ ನೂರಾರು ಕವಿತೆಗಳನ್ನು ಅವನು ಸುಟ್ಟುಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಪ್ರಾರ್ಥನೆಯ ಬಾಗಿಲಿಗೆ ಆ ಹೊರೆಯನ್ನೆಲ್ಲ ಹೊತ್ತುಕೊಂಡೇ ಬಂದನು.

ಮೈಕೆಲಾಂಜೆಲೊನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಶಿಲ್ಪಿ, ಚಿತ್ರಕಾರನೆಂದು ನಮಗೆ ಪರಿಚಿತನಾದ ಈತ ಸುನೀತಕಾರನೂ ಆಗಿದ್ದನು. 1554ರಲ್ಲಿ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ, ರೋಮಿನ ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣದ ಹೊಣೆ ಹೊತ್ತಿದ್ದಾಗ, ತನ್ನ ಗೆಳೆಯ ವಸಾರಿಗೆ ಒಂದು ಸುನೀತವನ್ನು ಕಳುಹಿಸಿದನು. ಬಿರುಗಾಳಿಯ ಕಡಲಲ್ಲಿ ಸಣ್ಣ ದೋಣಿಯಲ್ಲಿ ಸಾಗಿದ ತನ್ನ ಬದುಕು ಈಗ ಎಲ್ಲರೂ ಲೆಕ್ಕ ಒಪ್ಪಿಸಬೇಕಾದ ಬಂದರಿಗೆ ಬಂದು ಮುಟ್ಟಿದೆ ಎನ್ನುತ್ತಾನೆ. ಕಲೆಯನ್ನೇ ತನ್ನ ದೇವರೆಂದು ಭ್ರಮಿಸಿದ್ದೆನೆಂದೂ, ಚಿತ್ರವಾಗಲಿ ಶಿಲ್ಪವಾಗಲಿ ಇನ್ನು ತನಗೆ ಶಾಂತಿ ನೀಡಲಾರವೆಂದೂ, ಶಿಲುಬೆಯ ಮೇಲೆ ತೋಳು ಚಾಚಿದ ಪ್ರೀತಿಯೊಂದೇ ಆಸರೆಯೆಂದೂ ಅದರ ಭಾವ. ಇಷ್ಟು ಬರೆದ ಮೇಲೆ ಉಳಿಯನ್ನು ಕೆಳಗಿಟ್ಟನೇ? ಇಲ್ಲ. ಇನ್ನೂ ಒಂಬತ್ತು ವರ್ಷಗಳಿಗೂ ಮಿಕ್ಕು ಬದುಕಿದ್ದು, 1564ರ ಫೆಬ್ರವರಿ 18ರಂದು ತೀರಿಕೊಳ್ಳುವುದಕ್ಕೆ ಕೆಲವೇ ದಿನಗಳ ಮುಂಚೆಯೂ ಸತ್ತ ಮಗನನ್ನು ಎತ್ತಿ ಹಿಡಿದಿರುವ ತಾಯಿಯ ಶಿಲ್ಪವೊಂದನ್ನು ಕೆತ್ತುತ್ತಲೇ ಇದ್ದನು. ಅಪೂರ್ಣವಾಗಿ ಉಳಿದ ಆ ‘ರೊಂಡನೀನಿ ಪಿಯೆತಾ’ ಇಂದು ಮಿಲಾನಿನಲ್ಲಿದೆ. ಮಾತಿನಲ್ಲಿ ಕಲೆಯನ್ನು ತೊರೆದವನ ಕೈ ಕಲ್ಲನ್ನು ತೊರೆಯಲಿಲ್ಲ. ಆದರೆ ಆ ಕೈ ಈಗ ಕೀರ್ತಿಗಾಗಿ ದುಡಿಯುತ್ತಿರಲಿಲ್ಲ ಎಂದು ನನಗೆ ತೋರುತ್ತದೆ. ಅದು ಪ್ರಾರ್ಥಿಸುತ್ತಿತ್ತು.

ಹಾಗಾದರೆ ಅಳಿಯುವ ವಸ್ತುವನ್ನು ಪ್ರೀತಿಸಬಹುದೇ? ನಮ್ಮ ಧರ್ಮೋಪದೇಶಗಳಲ್ಲಿ ‘ಲೋಕ ನಶ್ವರ, ಆದ್ದರಿಂದ ಅದಕ್ಕೆ ಅಂಟಿಕೊಳ್ಳಬೇಡಿ’ ಎಂಬ ಮಾತು ಬಹಳ ಸಲೀಸಾಗಿ ಬಂದುಬಿಡುತ್ತದೆ. ಷೇಕ್ಸ್‌ಪಿಯರನಲ್ಲಿಯೂ ಆತ್ಮವನ್ನು ನೇರವಾಗಿ ಸಂಬೋಧಿಸಿ, ದೇಹವೆಂಬ ಬಾಡಿಗೆ ಮನೆಗೆ ಇಷ್ಟೊಂದು ಖರ್ಚು ಮಾಡುವುದೇಕೆಂದು ಕೇಳುವ 146ನೆಯ ಸುನೀತವಿದೆ. ಉಪದೇಶಿಗಳಿಗೆ ಅದು ಅಚ್ಚುಮೆಚ್ಚು. ವಯಸ್ಸಾದಂತೆ ನನ್ನ ಮನಸ್ಸು ಹೆಚ್ಚಾಗಿ ಹೋಗುವುದು 73ನೆಯದರ ಕಡೆಗೆ. ಅದರಲ್ಲಿ ಮೂರೇ ಚಿತ್ರಗಳು: ಎಲೆ ಉದುರಿ ಬೋಳಾಗುತ್ತಿರುವ ಮರ, ಸೂರ್ಯ ಮುಳುಗಿದ ಮೇಲಿನ ಮಬ್ಬು, ತನ್ನದೇ ಬೂದಿಯ ಮೇಲೆ ನಂದುತ್ತಿರುವ ಕೆಂಡ. ಋತುವಿನಿಂದ ದಿನಕ್ಕೆ, ದಿನದಿಂದ ಕೆಲವು ಗಳಿಗೆಗಳಿಗೆ ಕಾಲ ಕುಗ್ಗುತ್ತಾ ಬರುತ್ತದೆ. ಕೊನೆಯ ಎರಡು ಸಾಲುಗಳಲ್ಲಿ ತಿರುವು. ಅಳಿವನ್ನು ಕಂಡ ಗೆಳೆಯ ದೂರ ಸರಿಯುವುದಿಲ್ಲ. ಬೇಗನೆ ಬಿಟ್ಟುಕೊಡಬೇಕಾಗಿರುವುದರಿಂದಲೇ ಅವನ ಪ್ರೀತಿ ಗಟ್ಟಿಯಾಗುತ್ತದೆ. ಎಲ್ಲವೂ ಅಳಿಯುತ್ತದೆ, ಆದ್ದರಿಂದ ಇನ್ನಷ್ಟು ಪ್ರೀತಿಸು. ಈ ‘ಆದ್ದರಿಂದ’ ತರ್ಕಶಾಸ್ತ್ರದ ಪಾಠದಲ್ಲಿ ನಿಲ್ಲಲಿಕ್ಕಿಲ್ಲ. ಬದುಕಿನಲ್ಲಿ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ಅವರ ಪತ್ನಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು ಮೂರು ವರ್ಷಗಳಾಗಿದ್ದವು. ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದವನ್ನು ತೆಗೆದುಕೊಂಡು ನಾನು ಅವರ ಮನೆಗೆ ಹೋಗುತ್ತಿದ್ದೆ. ಒಮ್ಮೆ ಎಂದಿಗಿಂತ ಮುಂಚಿತವಾಗಿ ಹೋದಾಗ ಅವರು ಮಂಚದ ಅಂಚಿನಲ್ಲಿ ಕುಳಿತು ಪತ್ನಿಯ ತಲೆ ಬಾಚುತ್ತಿದ್ದರು. ನರೆತ ಕೂದಲನ್ನು ನಿಧಾನವಾಗಿ ಬಿಡಿಸಿ, ಎಣ್ಣೆ ಹಚ್ಚಿ, ಜಡೆ ಹೆಣೆದು, ತುದಿಗೊಂದು ಮಲ್ಲಿಗೆಯ ತುಣುಕು ಸಿಕ್ಕಿಸಿದರು. ಇಷ್ಟಾಗುವಾಗ ಅರ್ಧ ಗಂಟೆಯೇ ಕಳೆದಿರಬೇಕು.

‘ಮೇಷ್ಟ್ರೇ, ದಿನಾ ಇಷ್ಟು ಹೊತ್ತು ಹಿಡಿಯುತ್ತದೆಯೇ?’ ಎಂದು ಕೇಳಿದೆ.

‘ಹೌದು ಸ್ವಾಮಿ’ ಎಂದರು. ‘ನಲವತ್ತು ವರ್ಷ ಇವಳ ಜಡೆ ಎಷ್ಟುದ್ದ ಇದೆ ಅಂತ ನಾನು ನೋಡಿದವನೇ ಅಲ್ಲ. ಶಾಲೆ, ಪರೀಕ್ಷೆ, ಮಕ್ಕಳು ಅಂತ ಓಡಾಡಿಕೊಂಡಿದ್ದೆ. ಈಗ ದಿನಗಳು ಎಣಿಕೆಗೆ ಸಿಕ್ಕಿವೆ. ಅದಕ್ಕೇ ಬಾಚಣಿಗೆ ಕೆಳಗಿಡೋಕೆ ಮನಸ್ಸು ಬರೋದಿಲ್ಲ.’

ಆ ಹಿರಿಯರು ಷೇಕ್ಸ್‌ಪಿಯರನ 73ನೆಯ ಸುನೀತವನ್ನು ಓದಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮುಂದಿನ ತಪಸ್ಸುಕಾಲದಲ್ಲಿ ಆಕೆ ತೀರಿಕೊಂಡರು. ಶವಪೆಟ್ಟಿಗೆಯಲ್ಲಿ ಮಲಗಿಸುವ ಮುನ್ನ ಜಡೆ ಹೆಣೆದವರು ಅವರೇ. ಸಮಾಧಿಯ ಬಳಿ ನಾನು ಆ ದಿನ ಆಡಿದ ಮಾತುಗಳು ಕೆಲವೇ. ಲೋಕದ ನಶ್ವರತೆಯ ಬಗ್ಗೆ ಆ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಅವರು ಪ್ರತಿ ಬೆಳಿಗ್ಗೆ ತಮ್ಮ ಬೆರಳುಗಳಲ್ಲಿಯೇ ಮುಟ್ಟಿದ್ದರು.

ಹೀಗೆಯೇ ಪತ್ನಿಯನ್ನು ಕಳೆದುಕೊಂಡ ಇನ್ನೊಬ್ಬ ಕವಿಯನ್ನು ಇಲ್ಲಿ ನೆನೆಯಬೇಕು. ಜಾನ್ ಡನ್ 1572ರಲ್ಲಿ ಇಂಗ್ಲೆಂಡಿನ ಕಥೋಲಿಕ ಮನೆತನದಲ್ಲಿ ಹುಟ್ಟಿದವನು. ಕಥೋಲಿಕ ಗುರುವೊಬ್ಬರಿಗೆ ಆಶ್ರಯ ಕೊಟ್ಟ ಅಪರಾಧಕ್ಕಾಗಿ ಅವನ ತಮ್ಮ ಸೆರೆಮನೆ ಸೇರಿ 1593ರಲ್ಲಿ ಅಲ್ಲಿಯೇ ಸತ್ತನು. ಡನ್ ಮುಂದೆ ಆಂಗ್ಲಿಕನ್ ಸಭೆಯನ್ನು ಸೇರಿ, 1621ರಲ್ಲಿ ಲಂಡನ್ನಿನ ಸಂತ ಪೌಲರ ಪ್ರಧಾನಾಲಯದ ಡೀನ್ ಆದನು. 1617ರಲ್ಲಿ ಅವನ ಪತ್ನಿ ಆ್ಯನ್ ತನ್ನ ಹನ್ನೆರಡನೆಯ ಹೆರಿಗೆಯ ಬಳಿಕ ತೀರಿಕೊಂಡಳು. ಆಕೆಯನ್ನು ಕುರಿತ ಅವನ ಸುನೀತ ಬಹುಕಾಲ ಹಸ್ತಪ್ರತಿಯಲ್ಲೇ ಉಳಿದಿತ್ತು. ಆಕೆಯನ್ನು ಮೆಚ್ಚಿದ್ದರಿಂದಲೇ ದೇವರನ್ನು ಅರಸುವ ಮನಸ್ಸು ತನಗೆ ಬಂದಿತು, ಹೊಳೆ ತನ್ನ ಮೂಲವನ್ನು ತೋರಿಸುವಂತೆ ಅವಳು ದೇವರನ್ನು ತೋರಿಸಿದಳು ಎಂದು ಅವನು ಅದರಲ್ಲಿ ಹೇಳುತ್ತಾನೆ. ಆದರೂ ತನ್ನ ದಾಹ ಇನ್ನೂ ತಣಿದಿಲ್ಲವೆಂದು ಸೇರಿಸುತ್ತಾನೆ. ಇಲ್ಲಿ ಮಡದಿಯ ಪ್ರೀತಿ ದೇವರ ಪ್ರೀತಿಗೆ ಅಡ್ಡಿಯಾಗಿ ನಿಂತಿಲ್ಲ. ದೇವರ ಪ್ರೀತಿಯೂ ಮಡದಿಯ ಅಗಲಿಕೆಯ ನೋವನ್ನು ಅಳಿಸಿಲ್ಲ. ಎರಡೂ ಒಂದೇ ಎದೆಯಲ್ಲಿವೆ. ವಿಶ್ವಾಸವಿದ್ದವರು ಅಳಬಾರದೆಂದು ಶೋಕದ ಮನೆಗಳಲ್ಲಿ ಗದರಿಸುವವರು ಈ ಸುನೀತವನ್ನು ಓದಬೇಕು. ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸುಸ್ವಾಮಿಯೇ ಅವನ ಸಮಾಧಿಯ ಬಳಿ ಕಣ್ಣೀರಿಟ್ಟರೆಂಬುದನ್ನೂ ಅವರು ನೆನೆಯಬೇಕು.

ಕೊನೆಯದಾಗಿ ಒಬ್ಬ ಗುರುವಿನ ಸುನೀತ. ಯೇಸುಸಭೆಯ ಗುರು ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಡಬ್ಲಿನ್ ನಗರದಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕರಾಗಿದ್ದವರು. 1888ರ ಜುಲೈಯಲ್ಲಿ, ತಮ್ಮ ಮರಣಕ್ಕೆ ವರ್ಷವೂ ಉಳಿದಿಲ್ಲದಿದ್ದಾಗ, ಅವರು ಒಂದು ಅಪೂರ್ವ ಕವಿತೆಯನ್ನು ಬರೆದರು. ಎಲ್ಲವೂ ಹರಿಯುತ್ತಿದೆ, ಎಲ್ಲವೂ ಬೆಂಕಿಯಂತೆ ರೂಪ ಬದಲಿಸುತ್ತಿದೆ ಎಂದ ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಹೆರಾಕ್ಲಿಟಸನ ಹೆಸರು ಅದರ ಶೀರ್ಷಿಕೆಯಲ್ಲಿಯೇ ಇದೆ. ಮೋಡಗಳು ಆಡುತ್ತವೆ, ಗಾಳಿ ನೆಲದ ಕೆಸರನ್ನು ಒಣಗಿಸುತ್ತದೆ, ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗುರುತುಗಳು ಮಾಯವಾಗುತ್ತವೆ. ಸೃಷ್ಟಿಯಲ್ಲೇ ಅತ್ಯಂತ ಬೆಲೆಯುಳ್ಳ ಕಿಡಿಯಾದ ಮನುಷ್ಯನೂ ಹಾಗೆಯೇ ನಂದಿಹೋಗುತ್ತಾನೆ. ಇದ್ದಕ್ಕಿದ್ದಂತೆ ಕವಿ ತನ್ನ ಮಾತನ್ನು ತಾನೇ ತುಂಡರಿಸಿ, ಪುನರುತ್ಥಾನದ ಕಡೆಗೆ ತಿರುಗುತ್ತಾರೆ. ಆ ತಿರುವಿನ ರಭಸಕ್ಕೆ ಸುನೀತದ ಕಟ್ಟು ಸಾಲುವುದಿಲ್ಲ. ಕವಿತೆ ಹದಿನಾಲ್ಕು ಸಾಲುಗಳ ಗಡಿಯನ್ನು ದಾಟಿ ಮುಂದಕ್ಕೆ ಹರಿಯುತ್ತದೆ. ಆರಂಭದಲ್ಲಿ ಹೇಳಿದ ಆ ನೋಟರಿಯ ಅಳತೆಯ ಪೆಟ್ಟಿಗೆ ಇಲ್ಲಿ ಬಿರಿಯುತ್ತದೆ. ಹಾಪ್ಕಿನ್ಸ್ 1889ರ ಜೂನ್ 8ರಂದು ನಲವತ್ನಾಲ್ಕರ ವಯಸ್ಸಿನಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಅವರ ಕವಿತೆಗಳು ಪುಸ್ತಕವಾಗಿ ಹೊರಬಂದದ್ದು 1918ರಲ್ಲಿ, ಗೆಳೆಯ ರಾಬರ್ಟ್ ಬ್ರಿಡ್ಜಸ್ ಅವರ ಪ್ರಯತ್ನದಿಂದ.

ಇಲ್ಲಿ ನಾನು ಗಮನಿಸಬೇಕೆಂದು ಬಯಸುವುದು ಪುನರುತ್ಥಾನದ ಘೋಷಣೆಯನ್ನಷ್ಟೇ ಅಲ್ಲ. ಅದಕ್ಕೂ ಮೊದಲು ಹಾಪ್ಕಿನ್ಸ್ ಆ ಮೋಡಗಳನ್ನೂ ಕೆಸರನ್ನೂ ಎಷ್ಟು ಅಕ್ಕರೆಯಿಂದ ನೋಡಿದ್ದಾರೆಂದು ನೋಡಿ. ಹೇಗೂ ಅಳಿಯುವುದೆಂದು ಅವರು ಅವುಗಳನ್ನು ಕಡೆಗಣಿಸಿಲ್ಲ. ಈ ಲೋಕವನ್ನು ಎಂದೂ ಪ್ರೀತಿಸದವನಿಗೆ ಪುನರುತ್ಥಾನದ ಸುವಾರ್ತೆ ಏನು ತಾನೆ ಕೊಟ್ಟೀತು? ಕಳೆದುಕೊಳ್ಳಲು ಏನೂ ಇಲ್ಲದವನು ಮರಳಿ ಪಡೆಯುವುದಾದರೂ ಏನನ್ನು? ನಿತ್ಯಜೀವದ ನಿರೀಕ್ಷೆ ಇರುವುದು ಜಡೆ ಹೆಣೆದ ಕೈಗಳಿಗೆ, ಅಕ್ಷರ ಸವೆದ ಕಲ್ಲಿಗೆ ಹಾರ ಹಾಕುವ ಕೈಗಳಿಗೆ.

ಪ್ರಿಯ ಓದುಗರೇ, ಈ ಕವಿಗಳು ಯಾರೂ ನಮಗೆ ಕಾಲವನ್ನು ತಡೆಯುವ ಉಪಾಯವನ್ನು ಹೇಳಿಕೊಡಲಿಲ್ಲ. ಅವರು ಮಾಡಿದ್ದು ಇಷ್ಟೇ: ತಮಗೆ ದೊರೆತ ಹದಿನಾಲ್ಕು ಸಾಲುಗಳಲ್ಲಿ ಮೊದಲು ಸತ್ಯವನ್ನು ಮುಚ್ಚುಮರೆಯಿಲ್ಲದೆ ಹೇಳಿದರು, ಆಮೇಲೆ ಅಲ್ಲೇ ನಿಲ್ಲದೆ ತಿರುಗಿದರು. ನಮ್ಮ ಬಾಳಿಗೂ ಅಂಥದೊಂದು ಗಡಿ ಇದೆ. ನಾವು ಎಷ್ಟನೆಯ ಸಾಲಿನಲ್ಲಿದ್ದೇವೆಂಬುದು ಮಾತ್ರ ನಮಗೆ ತಿಳಿಯದು. ನನ್ನ ವಯಸ್ಸಿನವರು ಎಂಟನೆಯ ಸಾಲನ್ನು ದಾಟಿದ್ದೇವೆಂಬುದರಲ್ಲಿ ಸಂಶಯವಿಲ್ಲ. ಈ ತಿಂಗಳು ನಿಮ್ಮವರ ಸಮಾಧಿಗೆ ಹೂವು, ಮೊಂಬತ್ತಿ ತೆಗೆದುಕೊಂಡು ಹೋಗಿ ಪ್ರಾರ್ಥಿಸಿರಿ. ಹಿಂದಿರುಗಿದ ಮೇಲೆ ಮನೆಯಲ್ಲಿ ಉಸಿರಾಡುತ್ತಿರುವವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಅವರ ಮುಖವನ್ನು ಅವಸರವಿಲ್ಲದೆ ನೋಡಿರಿ. ‘ಎಲ್ಲವೂ ಅಳಿಯುತ್ತದೆ, ಆದ್ದರಿಂದ...’ ಎಂಬ ವಾಕ್ಯದ ಉಳಿದ ಭಾಗವನ್ನು ಅಲ್ಲಿ ಕುಳಿತು ನೀವೇ ಬರೆಯಿರಿ.